ರೈಲಿನ ಬಾಯ್ಲರ್ ಕಡಲಿಗಿಳಿದಾಗ

ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಮಾರಿಕುಪ್ಪಂವರೆಗಿನ ಸುಮಾರು 16 ಕಿ.ಮೀ. ರೈಲುಮಾರ್ಗ ತೆರೆದದ್ದು 1894ರಲ್ಲಿ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದು ಹೆಸರು. ಅದೇ ವರ್ಷ ಬ್ರಿಟಿಷ್ ನೌಕಾಪಡೆಯ ಮೊದಲ ಡೆಸ್ಟ್ರಾಯರ್ 'ಹ್ಯಾವಕ್' ಸೇವೆಗೆ ಸೇರಿತು. ಗಣಿಗೆ ಹೋಗುವ ರೈಲನ್ನು ಎಳೆಯುತ್ತಿದ್ದ ಉಗಿ ಎಂಜಿನ್ನಿನಲ್ಲೂ ಈ ಯುದ್ಧನೌಕೆಯಲ್ಲೂ ಇದ್ದದ್ದು ಒಂದೇ ಜಾತಿಯ ಬಾಯ್ಲರ್.

ಟಾರ್ಪೆಡೊ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವುದೇ ಹ್ಯಾವಕ್‌ನ ಕೆಲಸ. ಲಂಡನ್ನಿನ 'ಯಾರೋ' (Yarrow) ಎಂಬ ಕಂಪನಿ ಕಟ್ಟಿದ ಈ ನೌಕೆಯ ತೂಕ ಸುಮಾರು 240 ಟನ್. 1893ರ ಪರೀಕ್ಷೆಯಲ್ಲಿ ಅದು 26 ನಾಟ್, ಅಂದರೆ ಗಂಟೆಗೆ ಸುಮಾರು 48 ಕಿ.ಮೀ. ವೇಗ ಮುಟ್ಟಿತು.

ರೈಲಿನ ಬಾಯ್ಲರ್‌ನಲ್ಲಿ ಬೆಂಕಿಯ ಬಿಸಿ ಹೊಗೆ ಕೊಳವೆಗಳೊಳಗೆ ಹಾಯುತ್ತದೆ, ನೀರು ಅವುಗಳ ಸುತ್ತ ಕುದಿಯುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯ ಮೂಲಕ ಹೊರಗೆ ಚಿಮ್ಮಿಸುತ್ತಾರೆ. ಆ ರಭಸವೇ ಬೆಂಕಿಗೆ ಗಾಳಿ ಎಳೆದುಕೊಡುತ್ತದೆ. ಖರ್ಚಾದ ನೀರನ್ನು ನಿಲ್ದಾಣದಲ್ಲಿ ತುಂಬಿಸಿಕೊಂಡರಾಯಿತು.

ಕಡಲಲ್ಲಿ ಈ ಸೌಕರ್ಯವಿಲ್ಲ. ಉಪ್ಪುನೀರು ಕುದಿಸಿದರೆ ಬಾಯ್ಲರ್‌ನೊಳಗೆ ಹಕ್ಕಳೆ ಕಟ್ಟುತ್ತದೆ. ಹಾಗಾಗಿ ಉಗಿಯನ್ನು ತಣಿಸಿ, ಅದೇ ಸಿಹಿನೀರನ್ನು ಮತ್ತೆ ಮತ್ತೆ ಬಳಸಬೇಕು. ಚಿಮಣಿಗೆ ಬಿಡಲು ಉಗಿಯೇ ಉಳಿಯದ ಕಾರಣ, ಮುಚ್ಚಿದ ಬಾಯ್ಲರ್ ಕೋಣೆಗೆ ಫ್ಯಾನುಗಳಿಂದ ಗಾಳಿ ತುರುಕುತ್ತಿದ್ದರು. ಪೂರ್ತಿ ವೇಗಕ್ಕೆ ಉರಿ ಏರಿಸಿದಾಗ ಕೊಳವೆಗಳ ತುದಿ ಹಿಡಿದಿರುವ ತಟ್ಟೆ ವಿಪರೀತ ಕಾಯುತ್ತಿತ್ತು. ಕಾದು ಹಿಗ್ಗಿ, ತಣಿದು ಕುಗ್ಗಿ, ಕೊಳವೆಯ ಜೋಡಣೆಗಳು ಸೋರತೊಡಗುತ್ತಿದ್ದವು. ಆ ಕಾಲದ ಹಲವು ವೇಗದ ದೋಣಿಗಳನ್ನು ಕಾಡಿದ ತೊಂದರೆ ಇದು.

ಹ್ಯಾವಕ್‌ನ ಜೋಡಿ ನೌಕೆ 'ಹಾರ್ನೆಟ್'ನಲ್ಲಿ 'ಯಾರೋ' ಕಂಪನಿಯವರು ವ್ಯವಸ್ಥೆಯನ್ನೇ ತಿರುಗಿಸಿದರು: ಕೊಳವೆಯೊಳಗೆ ನೀರು, ಹೊರಗೆ ಬೆಂಕಿ. ಸಣ್ಣ ಕೊಳವೆಗಳಲ್ಲಿ ನೀರು ಸ್ವಲ್ಪವೇ ಇರುವುದರಿಂದ ಉಗಿ ಬೇಗ ಏಳುತ್ತದೆ, ತೂಕವೂ ಕಡಿಮೆ. ಹಾರ್ನೆಟ್ 27 ನಾಟ್ ದಾಟಿತು. ಕೆಲವೇ ವರ್ಷಗಳಲ್ಲಿ ಹ್ಯಾವಕ್‌ಗೂ ಇಂಥ ನೀರ್ಗೊಳವೆ ಬಾಯ್ಲರ್ ಹಾಕಿದರು. 1912ರಲ್ಲಿ ಅದು ಗುಜರಿಗೆ ಮಾರಾಟವಾಯಿತು.

ಅಷ್ಟರಲ್ಲಿ ಕೋಲಾರದ ಗಣಿಗಳೂ ಬದಲಾಗಿದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರ ತಂತಿಯಲ್ಲಿ ವಿದ್ಯುತ್ ಹರಿದುಬಂದು, ಉಗಿಯ ಕೆಲಸವನ್ನು ವಹಿಸಿಕೊಳ್ಳತೊಡಗಿತು. ಆದರೆ ರೈಲಿನಲ್ಲಿ ಹಳೆಯ ಬಾಯ್ಲರ್ ಇನ್ನೂ ಎಷ್ಟೋ ದಶಕ ಉಳಿಯಿತು. ದಾರಿಯುದ್ದಕ್ಕೂ ನೀರು ಸಿಗುವ ಕಡೆ ಅದು ಸರಳ, ಗಟ್ಟಿ, ದುರಸ್ತಿಗೂ ಸುಲಭ. ಹ್ಯಾವಕ್‌ನಲ್ಲಿ ಸೋತದ್ದು ಬಾಯ್ಲರ್ ಅಲ್ಲ, ಅದನ್ನು ಇಟ್ಟ ಜಾಗ. ಯಂತ್ರವೊಂದರ ಯೋಗ್ಯತೆಯನ್ನು ಅದು ದುಡಿಯುವ ನೆಲ, ನೀರು, ಗಾಳಿಯ ಜೊತೆಗಿಟ್ಟೇ ಅಳೆಯಬೇಕು.