ಮೊಬೈಲಿನಲ್ಲಿ ಆ್ಯಪ್: ಬಂದ ದಾರಿ, ಹೋಗುವ ದಾರಿ ಎರಡೂ ಗೊತ್ತಿರಲಿ



ಸಂತೆಯಿಂದ ಹಸು ತರುವಾಗ ನೀವು ಏನೆಲ್ಲ ವಿಚಾರಿಸುತ್ತೀರಿ! ಯಾರ ಮನೆಯದು, ಎಷ್ಟನೇ ಸೂಲು, ಕೆಚ್ಚಲು ಹೇಗಿದೆ, ಕಿವಿಯಲ್ಲಿ 12 ಅಂಕಿಯ ಓಲೆ ಇದೆಯೇ ಎಂದು ನೋಡದೆ ಹಗ್ಗ ಹಿಡಿಯುವುದಿಲ್ಲ. ಮೊಬೈಲಿಗೆ ಆ್ಯಪ್ ಹಾಕಿಕೊಳ್ಳುವಾಗಲೂ ಅಷ್ಟೇ ವಿಚಾರಣೆ ಬೇಕು.

ಪಶುವೈದ್ಯರಿಗೆ ಮೊಬೈಲಿನ ಮಾತೇಕೆ ಎನ್ನಬೇಡಿ. ನಿಮ್ಮ ಹಾಲಿನ ಬಟವಾಡೆ, ಸರ್ಕಾರ ಕೊಡುವ ಪ್ರೋತ್ಸಾಹಧನ ಎರಡೂ ಬ್ಯಾಂಕ್ ಖಾತೆಗೆ ಬರುತ್ತವೆ. ಆ ಖಾತೆಯ ಬೀಗದ ಕೈ ಈಗ ನಿಮ್ಮ ಮೊಬೈಲಿನಲ್ಲಿದೆ.

ಮೋಸ ನಡೆಯುವುದು ಹೀಗೆ

ವಾಟ್ಸಾಪ್‌ನಲ್ಲಿ ಒಂದು ಫೈಲ್ ಬರುತ್ತದೆ. ಪಿಎಂ ಕಿಸಾನ್ ಹಣ, ವಾಹನದ ದಂಡ, ಬ್ಯಾಂಕ್ ಕೆವೈಸಿ, ಮದುವೆ ಕರೆಯೋಲೆ, ಹೀಗೆ ಏನಾದರೊಂದು ಹೆಸರು ಇರುತ್ತದೆ. ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಫೋಟೊ ಅಲ್ಲ, ಪತ್ರವೂ ಅಲ್ಲ, ಒಂದು ಆ್ಯಪ್. ಒತ್ತಿದಾಗ 'ಅಪರಿಚಿತ ಮೂಲದಿಂದ ಹಾಕಲು ಒಪ್ಪಿಗೆಯೇ' ಎಂದು ಮೊಬೈಲೇ ಎಚ್ಚರಿಸುತ್ತದೆ. ಒಪ್ಪಿದರೆ ಅದು ಒಳಗೆ ಕೂತು ನಿಮ್ಮ ಮೆಸೇಜ್ ಓದುವ ಅನುಮತಿ ಕೇಳುತ್ತದೆ. ಅದನ್ನೂ ಕೊಟ್ಟರೆ ಬ್ಯಾಂಕಿನ ಓಟಿಪಿ ನಿಮಗಿಂತ ಮೊದಲು ಕಳ್ಳನಿಗೆ ಸಿಗುತ್ತದೆ. 'ನಾನು ಯಾರಿಗೂ ಓಟಿಪಿ ಹೇಳಿಲ್ಲ' ಎನ್ನುವವರ ಹಣವೂ ಹೋಗುವುದು ಹೀಗೆಯೇ. ಫೈಲ್ ಕಳಿಸಿದವರು ನೆಂಟರೇ ಆಗಿರಬಹುದು. ಅವರ ಮೊಬೈಲಿಗೆ ಹೊಕ್ಕ ಆ್ಯಪ್ ಅವರಿಗೇ ಗೊತ್ತಿಲ್ಲದೆ ಎಲ್ಲರಿಗೂ ಕಳಿಸಿರುತ್ತದೆ.

ಹಾಕುವ ಮುನ್ನ

* ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ಅಲ್ಲಿಯೂ ನಕಲಿ ಆ್ಯಪ್‌ಗಳು ನುಸುಳುವುದುಂಟು. ಆದ್ದರಿಂದ ಆ್ಯಪ್ ಹೆಸರಿನ ಕೆಳಗೆ ಅದನ್ನು ಮಾಡಿದವರ ಹೆಸರು ಓದಿ. ಉದಾಹರಣೆಗೆ, 2020ರಲ್ಲಿ ಬಂದ ಇ-ಗೋಪಾಲ ಆ್ಯಪ್ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯದು. ಅದೇ ಹೆಸರಿನಲ್ಲಿ ಬೇರೆ ಯಾರದೋ ಆ್ಯಪ್ ಕಂಡರೆ ಬಿಡಿ.
* ಏನು ಅನುಮತಿ ಕೇಳುತ್ತದೆ ನೋಡಿ. ರಾಸಿನ ಫೋಟೊ ತೆಗೆಯುವ ಆ್ಯಪ್ ಕ್ಯಾಮೆರಾ ಕೇಳಿದರೆ ಸರಿ. ಮೇವಿನ ಲೆಕ್ಕ ಹೇಳುವ ಆ್ಯಪ್‌ಗೆ ನಿಮ್ಮ ಮೆಸೇಜ್ ಏಕೆ ಬೇಕು? ಸಂಬಂಧವಿಲ್ಲದ್ದನ್ನು ಕೇಳಿದರೆ 'ಬೇಡ' ಒತ್ತಿ.
* ಬೇರೆಯವರು ಹಾಕಿಕೊಡುವುದಾದರೆ ಪಕ್ಕದಲ್ಲೇ ಕೂತು ನೋಡಿ. ಮಗನೇ ಆಗಲಿ, ಅಂಗಡಿಯವನೇ ಆಗಲಿ, 'ಇದು ಏನು, ಏಕೆ, ತೆಗೆಯುವುದು ಹೇಗೆ' ಎಂದು ಮೂರು ಮಾತು ಕೇಳಿ. ಪಾಸ್‌ಬುಕ್ ಇರುವುದು ನಿಮ್ಮ ಹೆಸರಿನಲ್ಲಿ.

ತೆಗೆಯುವಾಗ

ಪರದೆಯ ಮೇಲಿನ ಚಿತ್ರವನ್ನು ಅಳಿಸಿದ ಮಾತ್ರಕ್ಕೆ ಆ್ಯಪ್ ಹೋಗಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್' ಪಟ್ಟಿ ತೆರೆದು, ಬೇಡವಾದದ್ದನ್ನು ಆರಿಸಿ 'ಅನ್‌ಇನ್‌ಸ್ಟಾಲ್' ಒತ್ತಬೇಕು. ಕೆಟ್ಟ ಆ್ಯಪ್‌ಗಳು ಚಿತ್ರವನ್ನೇ ತೋರಿಸದೆ ಅಡಗಿರುತ್ತವೆ. ಈ ಪಟ್ಟಿಯಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತವೆ.

ಅನ್‌ಇನ್‌ಸ್ಟಾಲ್ ಗುಂಡಿ ಕೆಲಸ ಮಾಡದಿದ್ದರೆ ಆ ಆ್ಯಪ್ ಮೊಬೈಲಿನ ಯಜಮಾನಿಕೆ ಪಡೆದಿರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಅಡ್ಮಿನ್' ಎಂದು ಹುಡುಕಿ, ಅದರ ಅಧಿಕಾರ ಮೊದಲು ತೆಗೆಯಿರಿ. ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ.

ಇನ್ನೊಂದು ಮಾತು. ಆ್ಯಪ್ ತೆಗೆದರೂ ನೀವು ಕೊಟ್ಟ ಮಾಹಿತಿ ಅವರ ಬಳಿ ಉಳಿದಿರುತ್ತದೆ. ದಿಢೀರ್ ಸಾಲದ ನಕಲಿ ಆ್ಯಪ್‌ಗಳು ನಿಮ್ಮ ನೆಂಟರಿಷ್ಟರ ನಂಬರುಗಳನ್ನು ಎತ್ತಿಕೊಂಡು, ಆಮೇಲೆ ಅವರಿಗೆಲ್ಲ ಕರೆ ಮಾಡಿ ಮರ್ಯಾದೆ ತೆಗೆಯುತ್ತವೆ. ಅನ್‌ಇನ್‌ಸ್ಟಾಲ್ ಮಾಡಿದರೆ ಆ ನಂಬರುಗಳು ವಾಪಸ್ಸು ಬರುವುದಿಲ್ಲ. ಒಳ್ಳೆಯ ಆ್ಯಪ್ ಆದರೆ ತೆಗೆಯುವ ಮುನ್ನ ಅದರೊಳಗೇ 'ಖಾತೆ ಅಳಿಸಿ' ಎಂಬ ಅವಕಾಶವಿದೆಯೇ ನೋಡಿ, ಬಳಸಿಕೊಳ್ಳಿ.

ಮೋಸವಾಗಿದೆ ಅನ್ನಿಸಿದರೆ

ಕೂಡಲೇ ಮೊಬೈಲಿನ ಇಂಟರ್‌ನೆಟ್ ಆಫ್ ಮಾಡಿ. ಬೇರೆ ಫೋನಿನಿಂದ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮನೆಯವರು ಬೈದಾರು ಎಂದು ಮುಚ್ಚಿಡಬೇಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಕೆಚ್ಚಲು ಬಾವನ್ನು ಮೊದಲ ದಿನವೇ ತೋರಿಸಿದರೆ ಮೊಲೆ ಉಳಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಕೂತು ನಿಮ್ಮ ಮೊಬೈಲಿನ ಆ್ಯಪ್ ಪಟ್ಟಿ ತೆರೆಯಿರಿ. ಗುರುತಿಲ್ಲದ ಹೆಸರು ಕಂಡರೆ ಗಾಬರಿಯಿಂದ ತೆಗೆಯಬೇಡಿ, ಮೊಬೈಲಿನ ಜೊತೆಗೇ ಬಂದ ಆ್ಯಪ್‌ಗಳೂ ಅಲ್ಲಿರುತ್ತವೆ. ಅಂಥ ಹೆಸರುಗಳನ್ನು ಚೀಟಿಯಲ್ಲಿ ಬರೆದು, ತಿಳಿದವರನ್ನು ಕೇಳಿ, ಬೇಡದ್ದೆಂದು ಖಾತ್ರಿಯಾದದ್ದನ್ನು ತೆಗೆಯಿರಿ. ಹಾಗೆಯೇ ನಿಮ್ಮ ಸಂಘದ ಇನ್ನಿಬ್ಬರು ಅಕ್ಕತಂಗಿಯರಿಗೂ ತೋರಿಸಿಕೊಡಿ.

– ಪಶುವೈದ್ಯಾಧಿಕಾರಿ