ಜೈಲಿನಿಂದ ಬಂದವರಿಗೊಂದು ‘ಕೋಟೆ’

ನಾಟಕವೊಂದು ಪ್ರೇಕ್ಷಕರನ್ನು ಅಳಿಸುವುದುಂಟು, ಕೆರಳಿಸುವುದುಂಟು. ಸಂಸ್ಥೆಯನ್ನೇ ಹುಟ್ಟುಹಾಕುವುದು ಅಪರೂಪ. 1967ರಲ್ಲಿ ನ್ಯೂಯಾರ್ಕಿನಲ್ಲಿ ಅದು ನಡೆಯಿತು. ಕೆನಡಾದ ಜಾನ್ ಹರ್ಬರ್ಟ್ ಬರೆದ ‘ಫಾರ್ಚೂನ್ ಅಂಡ್ ಮೆನ್ಸ್ ಐಸ್’ ಜೈಲಿನೊಳಗಿನ ಕ್ರೌರ್ಯದ ನಾಟಕ. ಪ್ರದರ್ಶನದ ನಂತರದ ಚರ್ಚೆಗಳಲ್ಲಿ ಜೈಲುವಾಸ ಕಂಡವರೂ ಎದ್ದು ನಿಂತು ಮಾತಾಡತೊಡಗಿದರು. ನಿರ್ಮಾಪಕ ಡೇವಿಡ್ ರೋಥನ್‌ಬರ್ಗ್ ಅದೇ ವರ್ಷ ಜೈಲಿನಿಂದ ಬಂದವರಿಗೆ ನೆರವಾಗುವ ‘ಫಾರ್ಚೂನ್ ಸೊಸೈಟಿ’ ಕಟ್ಟಿದರು. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ನಮ್ಮ ಜೈಲುಗಳ ಕೈದಿಗಳಿಂದ ನಾಟಕ ಆಡಿಸಿದ್ದನ್ನು ಬಲ್ಲ ಕನ್ನಡಿಗರಿಗೆ ರಂಗಭೂಮಿ–ಜೈಲಿನ ಈ ನಂಟು ಹೊಸದೇನಲ್ಲ.

ಬಿಡುಗಡೆಯಾದವನಿಗೆ ಮೊದಲು ಬೇಕಾದದ್ದು ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅರ್ಜಿಯಲ್ಲಿ ಬರೆಯಲು ವಿಳಾಸವೇ ಇಲ್ಲದಿದ್ದರೆ? ಮನೆ ಮಾಲೀಕರು ಹಳೆಯ ಶಿಕ್ಷೆಯ ದಾಖಲೆ ತೆಗೆಸಿ ನೋಡಿ ಬಾಗಿಲು ಹಾಕುತ್ತಾರೆ. ಸರ್ಕಾರಿ ವಸತಿಯಲ್ಲಿರುವ ಅಕ್ಕನೋ ತಾಯಿಯೋ ಒಳಗೆ ಸೇರಿಸಿಕೊಳ್ಳಲು ಹೋದರೆ ಅವರ ಮನೆಗೇ ಸಂಚಕಾರ. ಉಳಿಯುವುದು ನಿರ್ಗತಿಕರ ಶೆಲ್ಟರ್, ಇಲ್ಲವೇ ಫುಟ್‌ಪಾತ್. ಅಮೆರಿಕದಲ್ಲಿ ಜೈಲಿನಿಂದ ಬಂದವರು ಮನೆಯಿಲ್ಲದವರಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚೆಂದು 2018ರ ವರದಿಯೊಂದು ಲೆಕ್ಕ ಹಾಕಿತ್ತು.

ನ್ಯೂಯಾರ್ಕಿನ ಪಶ್ಚಿಮ ಹಾರ್ಲೆಮ್‌ನ ರಿವರ್‌ಸೈಡ್ ಡ್ರೈವ್‌ನಲ್ಲಿ ಕೋಟೆಯಂತೆ ಕಾಣುವ ಕಲ್ಲಿನ ಕಟ್ಟಡವಿದೆ. ಒಂದು ಕಾಲಕ್ಕೆ ಹೆಣ್ಣುಮಕ್ಕಳ ಕ್ಯಾಥೊಲಿಕ್ ಶಾಲೆ. ಆಮೇಲೆ ಪಾಳುಬಿದ್ದು ಮಾದಕ ವ್ಯಸನಿಗಳ ಅಡ್ಡೆ. ಫಾರ್ಚೂನ್ ಸೊಸೈಟಿ ಅದನ್ನು ಕೊಂಡಾಗ ಬಡಾವಣೆಯವರು ಪ್ರತಿಭಟಿಸಿದರು. ಅದೇನೂ ವಿಚಿತ್ರವಲ್ಲ, ಯಾವ ಊರಿನ ಬಡಾವಣೆಯಾದರೂ ಅದನ್ನೇ ಮಾಡುತ್ತಿತ್ತು. ಆಗ ಸಂಸ್ಥೆಯ ಮುಖ್ಯಸ್ಥೆಯಾಗಿದ್ದವರು ಜೋಆನ್ ಪೇಜ್. ದುರಸ್ತಿಯಾಗಿ 2002ರಲ್ಲಿ ಬಾಗಿಲು ತೆರೆದ ಆ ಕಟ್ಟಡ ಎಲ್ಲರ ಬಾಯಲ್ಲೂ ‘ದಿ ಕ್ಯಾಸಲ್’. ಸುಮಾರು ಅರವತ್ತು ಜನರಿಗೆ ಇಲ್ಲಿ ಜಾಗವಿದೆ. ಬಂದವರಿಗೆ ಮೊದಲು ತುರ್ತು ಹಾಸಿಗೆ, ಸರಿಯಾಗಿ ನಡೆದುಕೊಂಡರೆ ಮುಂದೆ ಕೋಣೆ. ಗುರುವಾರ ಸಂಜೆ ಎಲ್ಲರೂ ಸೇರುವ ಸಭೆ; ಹೊಸಬರು ತಮ್ಮ ಪರಿಚಯ ಹೇಳಿಕೊಳ್ಳುವುದೂ ಅಲ್ಲೇ. ಕೊಲೆ ಮಾಡಿ ಶಿಕ್ಷೆ ಅನುಭವಿಸಿದವನೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡುವುದಿಲ್ಲ, ನೋಡುವುದು ಇವತ್ತಿನ ನಡತೆಯನ್ನು. ಈ ಸಂಸ್ಥೆಯ ನಿಜವಾದ ಧೈರ್ಯವಿರುವುದು ಇಲ್ಲಿ.

2008ರಲ್ಲಿ ಇಲ್ಲಿದ್ದ ನಾಲ್ವರು ತಮ್ಮ ಬದುಕನ್ನೇ ‘ದಿ ಕ್ಯಾಸಲ್’ ಎಂಬ ನಾಟಕವಾಗಿ ರಂಗಕ್ಕೆ ತಂದರು. 2010ರಲ್ಲಿ ಪಕ್ಕದಲ್ಲೇ 114 ಮನೆಗಳ ‘ಕ್ಯಾಸಲ್ ಗಾರ್ಡನ್ಸ್’ ಎದ್ದಿತು. ಅಲ್ಲಿ ಜೈಲಿನಿಂದ ಬಂದವರ ಜೊತೆಗೆ ಕಡಿಮೆ ಆದಾಯದ ಸ್ಥಳೀಯ ಕುಟುಂಬಗಳೂ ಇವೆ.

ಖಾಸಗಿ ಬಾಡಿಗೆ ಮನೆಗಳ ಕತೆಗೆ ಕಾನೂನು ಕೈಹಾಕಿದ್ದು ತೀರಾ ಈಚೆಗೆ. 2025ರ ಜನವರಿ 1ರಿಂದ ನ್ಯೂಯಾರ್ಕ್ ನಗರದಲ್ಲಿ ಮಾಲೀಕರು ಮನೆ ಕೊಡಲು ಒಪ್ಪಿದ ನಂತರವಷ್ಟೇ ಅಪರಾಧದ ದಾಖಲೆ ನೋಡಬಹುದು. ಗಂಭೀರ ಅಪರಾಧವಾದರೆ ಐದು ವರ್ಷ, ಸಣ್ಣದಾದರೆ ಮೂರು ವರ್ಷ ಹಿಂದಿನವರೆಗೆ ಮಾತ್ರ. ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರಿರುವವರಿಗೆ ಈ ಮಿತಿ ಅನ್ವಯಿಸುವುದಿಲ್ಲ.