ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ: ಪತ್ರ ಬಂತು, ಹೆಸರೆಲ್ಲಿ?

ಸಂಡೂರಿನಲ್ಲಿ ಗಣಿ ಕಂಪನಿಗಳಿವೆ, ಅದಿರು ಲಾರಿಗಳ ಲೆಕ್ಕ ಇಡುವ ಕಚೇರಿಗಳಿವೆ, 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಲಂಬಾಣಿ ಕಸೂತಿ ಇದೆ. ಇಂಥ ವಹಿವಾಟಿನಲ್ಲಿ ಹಳೆಯ ಇ-ಮೇಲ್ ಎಂದರೆ ದಾಖಲೆ. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದನ್ನು ಕಂಡ ಊರಿಗೆ ಹಿಂದಿನ ಕಾಗದಪತ್ರದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಹಳೆಯ ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್‌ಗೆ ಹೋಗುವವರು ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ನಮ್ಮ ಪತ್ರಗಳು ನಿಜಕ್ಕೂ ಇರುವುದೆಲ್ಲಿ?

ಉತ್ತರ ಎರಡು ಬಗೆ. ಪಹಣಿಯ ಮೂಲ ತಾಲ್ಲೂಕು ಕಚೇರಿಯಲ್ಲಿದ್ದು ನಮ್ಮ ಕೈಯಲ್ಲಿ ನಕಲು ಇರುವಂತೆ, ಐಮ್ಯಾಪ್ ಪದ್ಧತಿಯಲ್ಲಿ ಮೂಲ ಪತ್ರ ಸರ್ವರ್‌ನಲ್ಲೇ ಉಳಿಯುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಖಾತೆ ತೆರೆದರೆ ಸಾಕು, ಎಲ್ಲವೂ ತಾನಾಗಿ ಇಳಿಯುತ್ತದೆ. ಹಳೆಯ ಪಾಪ್ ಪದ್ಧತಿ ಹಾಗಲ್ಲ. ಅದು ಪತ್ರವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿಬಿಡಬಹುದು. ‘ಸರ್ವರ್‌ನಲ್ಲಿ ಪ್ರತಿ ಇರಲಿ’ ಎಂದು ಗುರುತು ಹಾಕಿದ್ದರೂ ಕಾಯುವುದು ಬಂದ ಪತ್ರಗಳನ್ನು ಮಾತ್ರ. ನೀವು ಕಳಿಸಿದ ಪತ್ರಗಳು ಸಾಮಾನ್ಯವಾಗಿ ಆ ಡೆಸ್ಕ್‌ಟಾಪ್‌ನಲ್ಲಷ್ಟೇ ಇರುತ್ತವೆ.

ಪಾಪ್ ಬಳಸುತ್ತಿದ್ದವರಿಗೆ ಎರಡು ದಾರಿಗಳಿವೆ. ಒಂದು, ಅದೇ ಖಾತೆಯನ್ನು ಡೆಸ್ಕ್‌ಟಾಪ್‌ನಲ್ಲಿ ಐಮ್ಯಾಪ್ ಆಗಿಯೂ ಸೇರಿಸಿ, ಹಳೆಯ ಫೋಲ್ಡರ್‌ಗಳನ್ನು ಅದರೊಳಕ್ಕೆ ನಕಲಿಸುವುದು. ಪತ್ರಗಳು ಸರ್ವರ್‌ಗೆ ಏರಿ, ಅಲ್ಲಿಂದ ಲ್ಯಾಪ್‌ಟಾಪ್‌ಗೆ ಇಳಿಯುತ್ತವೆ. ಇನ್ನೊಂದು, ಫೈಲನ್ನೇ ಒಯ್ಯುವುದು. ಔಟ್‌ಲುಕ್ ಆದರೆ ಪಿಎಸ್‌ಟಿ ಫೈಲು, ಥಂಡರ್‌ಬರ್ಡ್ ಆದರೆ ಪ್ರೊಫೈಲ್ ಫೋಲ್ಡರು. ನಕಲಿಸುವ ಮುನ್ನ ತಂತ್ರಾಂಶವನ್ನು ಮುಚ್ಚಿರಬೇಕು. ಪೆನ್‌ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ ದೊಡ್ಡ ಫೈಲು ಹತ್ತದಿದ್ದರೆ ಅದರ ಫಾರ್ಮ್ಯಾಟ್ ನೋಡಿ. ಫ್ಯಾಟ್32 ಆಗಿದ್ದರೆ 4 ಜಿಬಿ ಮುಟ್ಟಿದ ಒಂದೇ ಫೈಲು ಅದರಲ್ಲಿ ಹಿಡಿಯದು. ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಹಿಡಿಯುತ್ತದೆ, ಆದರೆ ಬದಲಿಸುವಾಗ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಯುತ್ತದೆ.

ಇಷ್ಟಾದರೆ ಪತ್ರಗಳ ಕೆಲಸ ಮುಗಿಯಿತು. ತೊಂದರೆ ಕೊಡುವುದು ಕಾಂಟ್ಯಾಕ್ಟ್ ಪಟ್ಟಿ, ಅದರಲ್ಲೂ ಕನ್ನಡದಲ್ಲಿ ಬರೆದಿಟ್ಟ ಹೆಸರುಗಳು.

ಇದಕ್ಕೆ ಕಾರಣವಿದೆ. 1992ರಲ್ಲಿ ಬಂದ ಮೈಮ್ ಎಂಬ ನಿಯಮದ ಪ್ರಕಾರ ಪ್ರತಿ ಇ-ಮೇಲ್ ತನ್ನ ಅಕ್ಷರಗಳನ್ನು ಯಾವ ಸಂಕೇತದಲ್ಲಿ ಓದಬೇಕೆಂಬುದನ್ನು ತಲೆಬರಹದಲ್ಲೇ ಹೇಳಬಲ್ಲದು. ಪಟ್ಟಿ ಸಾಗಿಸಲು ನಾವು ಬಳಸುವ ಸಿಎಸ್‌ವಿ ಫೈಲಿನಲ್ಲಿ ಅಂಥ ಚೀಟಿ ಇರುವುದಿಲ್ಲ. ತೆರೆಯುವ ತಂತ್ರಾಂಶ ಊಹಿಸಿಕೊಳ್ಳುತ್ತದೆ, ಊಹೆ ತಪ್ಪುತ್ತದೆ. ಯೂನಿಕೋಡ್‌ನಲ್ಲಿ ‘ಸಂಡೂರು’ ಎಂದರೆ ಆರು ಸಂಕೇತಗಳು: ಸ, ಸೊನ್ನೆ, ಡ, ದೀರ್ಘದ ಕೊಂಬು, ರ, ಕೊಂಬು. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 18. ಇವನ್ನು ಇಂಗ್ಲಿಷಿನ ಪಟ್ಟಿ ಹಿಡಿದು ಓದುವ ತಂತ್ರಾಂಶಕ್ಕೆ ಒಂದೊಂದು ಬೈಟೂ ಒಂದೊಂದು ಅಕ್ಷರ.

ಕೆಟ್ಟ ಹೆಸರನ್ನು ಕಂಡೊಡನೆ ಗಾಬರಿ ಬೇಡ, ಹೇಗೆ ಕೆಟ್ಟಿದೆ ನೋಡಿ. ತಲೆಯ ಮೇಲೆ ಗೀಟಿರುವ ರೋಮನ್ ‘ಎ’ ಮೂರು ಮೂರು ಅಕ್ಷರಕ್ಕೊಮ್ಮೆ ಮರಳಿ ಬರುತ್ತಿದ್ದರೆ ಹೆಸರು ಕ್ಷೇಮ. ಫೈಲನ್ನು ಯುಟಿಎಫ್-8 ಎಂದು ಆರಿಸಿ ಮತ್ತೆ ಆಮದು ಮಾಡಿಕೊಳ್ಳಿ. ಬರೀ ಚೌಕಗಳು ಕಂಡರೆ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ರೋಮನ್ ಅಕ್ಷರಗಳ ಗೊಂದಲವಿದ್ದು ಅದರಲ್ಲಿ ಆ ಲೆಕ್ಕದ ಕ್ರಮ ಕಾಣದಿದ್ದರೆ, ಹೆಸರುಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಬರೆದವಾಗಿರಬಹುದು. ಆ ಫಾಂಟ್‌ಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಪರಿವರ್ತಕ ತಂತ್ರಾಂಶ ಬಳಸಿ ಯೂನಿಕೋಡ್‌ಗೆ ತರಬಹುದು. ಆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡವೋ, ಆ ಫೈಲಿನಲ್ಲಿ ಹೆಸರು ಉಳಿದಿಲ್ಲ. ಕನ್ನಡಕ್ಕೆ ಜಾಗವೇ ಇಲ್ಲದ ಸಂಕೇತದಲ್ಲಿ ಉಳಿಸಿದಾಗ ಹೀಗಾಗುತ್ತದೆ. ಅಂಥ ಫೈಲನ್ನು ಯಾವ ಪರಿವರ್ತಕವೂ ಸರಿಮಾಡದು, ಡೆಸ್ಕ್‌ಟಾಪ್‌ನಿಂದಲೇ ಪಟ್ಟಿಯನ್ನು ಹೊಸದಾಗಿ ತೆಗೆಯಬೇಕು.

ಸಂಖ್ಯೆಗಳಿಗೂ ಕಂಟಕವುಂಟು. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಫೋನ್ ನಂಬರನ್ನು ಅದು ಬರೀ ಲೆಕ್ಕದ ಅಂಕಿ ಎಂದು ಭಾವಿಸಿ ಮುಂದಿನ ಸೊನ್ನೆಯನ್ನು ಬಿಟ್ಟುಬಿಡುತ್ತದೆ. ಸಂಡೂರಿನ ಎಸ್‌ಟಿಡಿ ಕೋಡ್ 08395 ಇದ್ದದ್ದು 8395 ಆಗುತ್ತದೆ. ಹಾಗೆಯೇ ಸೇವ್ ಮಾಡಿದರೆ ಪಟ್ಟಿಯ ಸ್ಥಿರ ದೂರವಾಣಿಗಳೆಲ್ಲ ಸೊನ್ನೆ ಕಳೆದುಕೊಳ್ಳುತ್ತವೆ. ಆದ್ದರಿಂದ ಸಾಧ್ಯವಿದ್ದಲ್ಲಿ ವಿಕಾರ್ಡ್ ರೂಪವನ್ನೇ ಆರಿಸಿ. 2011ರ ಅದರ 4.0 ಆವೃತ್ತಿ ಯುಟಿಎಫ್-8 ಬಿಟ್ಟು ಬೇರೆ ಸಂಕೇತವನ್ನು ಒಪ್ಪುವುದೇ ಇಲ್ಲ.

ಇನ್ನೊಂದು ಮಾತು. ವಿಳಾಸದ ಮೊದಲಕ್ಷರ ಒತ್ತಿದೊಡನೆ ಮೂಡುವ ಹೆಸರುಗಳೆಲ್ಲ ಕಾಂಟ್ಯಾಕ್ಟ್‌ಗಳಲ್ಲ. ಹಲವು ಬರೀ ತಂತ್ರಾಂಶದ ನೆನಪು, ರಫ್ತು ಮಾಡಿದ ಪಟ್ಟಿಯಲ್ಲಿ ಅವು ಬರುವುದಿಲ್ಲ. ಬೇಕಾದವರನ್ನು ಮೊದಲೇ ಕಾಂಟ್ಯಾಕ್ಟ್‌ಗೆ ಸೇರಿಸಿಕೊಳ್ಳಿ.

ಕೊನೆಗೆ ಲ್ಯಾಪ್‌ಟಾಪ್‌ನಲ್ಲಿ ಮೂರು ಪರೀಕ್ಷೆ ಮಾಡಿ: ತೀರ ಹಳೆಯದೊಂದು ಪತ್ರ ಅಟ್ಯಾಚ್‌ಮೆಂಟ್ ಸಮೇತ ತೆರೆಯುತ್ತದೆಯೇ, ಕಳಿಸಿದ ಪತ್ರಗಳ ಫೋಲ್ಡರ್ ತುಂಬಿದೆಯೇ, ಒತ್ತಕ್ಷರವಿರುವ ಕನ್ನಡ ಹೆಸರೊಂದು ಸರಿಯಾಗಿ ಕಾಣುತ್ತದೆಯೇ. ಮೂರಕ್ಕೂ ಹೌದೆಂದಾಗ ಮಾತ್ರ ಡೆಸ್ಕ್‌ಟಾಪನ್ನು ಹಳೇ ಸಾಮಾನಿನವರಿಗೆ ಕೊಡಿ, ಅದೂ ಡಿಸ್ಕ್ ಪೂರ್ತಿ ಅಳಿಸಿದ ಮೇಲೆ.